ಆಶ್ರಯ ಕೇಂದ್ರ ನಮ್ಮ ಬೀದಿಯಲ್ಲೇ ಬರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಬೀದಿಯ ನಾಲ್ಕು ಜನ ಹಿರಿಯರು ಒಂದು ಹಾಳೆ ಹಿಡಿದು ನನ್ನ ಖಾನಾವಳಿಗೆ ಬಂದರು. ಬೀದಿ ಕೊನೆಯ ಹಳೇ ಕಟ್ಟಡದಲ್ಲಿ ಮನೆಯಿಲ್ಲದವರಿಗೆ ಆಶ್ರಯ ಕೇಂದ್ರ ಮಾಡುತ್ತಾರಂತೆ. ಅದು ಬೇಡ ಎಂದು ಅರ್ಜಿ. "ಊರಿನ ಕುಡುಕರೆಲ್ಲ ಇಲ್ಲಿಗೇ ಬಂದು ಬೀಳ್ತಾರೆ ಅಕ್ಕಾರೆ, ನೀವೂ ಒಂದು ಸಹಿ ಹಾಕಿ" ಎಂದರು. ನಾನು ಹಾಕಲಿಲ್ಲ. ಮಧ್ಯಾಹ್ನದ ಊಟದ ಹೊತ್ತು, ಕಾರಣ ಹೇಳುತ್ತ ಕೂರಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಎಪಿಎಂಸಿ ಯಾರ್ಡಿನ ಹತ್ತಿರ 19 ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ನನ್ನಲ್ಲಿ ಉಣ್ಣುವವರಲ್ಲಿ ಅರ್ಧ ಜನ ಹಮಾಲರು. ಎಲ್ಲರದ್ದೂ ತಿಂಗಳ ಲೆಕ್ಕ. ಒಬ್ಬೊಬ್ಬರಿಗೆ ಒಂದು ಪುಟ, ಉಂಡ ಹೊತ್ತಿಗೆ ಒಂದು ಗೀಟು.

ಅವರಲ್ಲಿ ಒಬ್ಬ ಜಗಳೂರು ಕಡೆಯವನು. ನನ್ನ ತಮ್ಮನ ವಯಸ್ಸು. ಮೆಕ್ಕೆಜೋಳದ ಸೀಜನ್‌ನಲ್ಲಿ ಅವನಷ್ಟು ಚೀಲ ಎತ್ತುವವರು ಇರಲಿಲ್ಲ. ಬೆನ್ನು ನೋವಿಗೆ ಎಂದು ರಾತ್ರಿ ಕುಡಿಯಲು ಶುರು ಮಾಡಿದ. ಆಮೇಲೆ ಬೆಳಿಗ್ಗೆಯೂ ಬೇಕಾಯಿತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ನಾಲ್ಕು ತಿಂಗಳ ಬಾಡಿಗೆ ನಿಂತಾಗ ಮನೆ ಮಾಲೀಕರು ಪಾತ್ರೆ ಹೊರಗಿಟ್ಟರು. ಸ್ವಲ್ಪ ದಿನ ಯಾರ್ಡಿನ ತಗಡಿನ ಕೆಳಗೆ ಮಲಗಿದ, ಆಮೇಲೆ ಬಸ್ ಸ್ಟ್ಯಾಂಡು. ನನ್ನ ಪುಸ್ತಕದಲ್ಲಿ ಅವನ ಪುಟದ ಗೀಟುಗಳು ನಿಂತವು. ನಾನು ಏನು ಮಾಡಿದೆ? ಬಾಕಿ 1,140 ರೂಪಾಯಿ ಎಂದು ಬರೆದು ಪುಟ ತಿರುಗಿಸಿದೆ. ಆ ಮನುಷ್ಯ ಎಲ್ಲಿ ಹೋದ ಎಂದು ಒಂದು ಮಾತು ಕೇಳಲಿಲ್ಲ. ಈಗ ನೆನೆಸಿಕೊಂಡರೂ ಸಂಕಟವಾಗುತ್ತದೆ.

ಆರೇಳು ತಿಂಗಳ ಮೇಲೆ ಒಂದು ಬೆಳಿಗ್ಗೆ ನಮ್ಮ ಕಟ್ಟೆ ಮೇಲೆ ಕೂತಿದ್ದ. ಮಗಳ ಮೇಲೆ ಆಣೆ ಇಟ್ಟು ಎರಡು ದಿನದಿಂದ ಕುಡಿದಿರಲಿಲ್ಲವಂತೆ. ಮೈಯೆಲ್ಲ ಬೆವರು. ನೀರಿನ ಲೋಟ ಕೈಯಲ್ಲಿ ನಿಲ್ಲುತ್ತಿಲ್ಲ. ಗೋಡೆ ಮೇಲೆ ಇಲ್ಲದ ಇರುವೆಗಳನ್ನು ಒರೆಸಿ ಒರೆಸಿ ಹಾಕುತ್ತಿದ್ದ. ಸೇರಿದವರು ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದರು. ಒಬ್ಬ ಹಿರಿಯ ಹಮಾಲರು ಮಾತ್ರ, "ಗಾಳಿ ಅಲ್ಲ, ನನಗೂ ಹಿಂಗೇ ಆಗಿತ್ತು, ಆಟೋ ಕರೀರಿ" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಎಲ್ಲರಿಗೂ ಗೊತ್ತಿರಬೇಕು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಹೀಗೆ ಆಗಬಹುದು. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಮಾತ್ರೆ, ವಿಟಮಿನ್ ಇಂಜೆಕ್ಷನ್, ಪಕ್ಕದಲ್ಲಿ ನೋಡಿಕೊಳ್ಳುವವರು, ಎಲ್ಲಾ ಬೇಕು. ರೂಮಿನಲ್ಲಿ ಕೂಡಿಹಾಕಿದರೆ ಬಿಡುತ್ತಾನೆ ಎಂದು ನಂಬುವ ಮನೆಗಳು ಎಷ್ಟೋ ಇವೆ. ದಯವಿಟ್ಟು ಹಾಗೆ ಮಾಡಬೇಡಿ. ಏನು ಮಾಡಬೇಕೆಂದು ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ಮದ್ಯವರ್ಜನ ಶಿಬಿರಕ್ಕೆ ಸೇರಿಸಿದೆವು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮಾಡುತ್ತಾರಲ್ಲ, ಎಂಟು ದಿನದ್ದು, ಅದು. ಊರಿನವರದ್ದೇ ಒಂದು ಸಮಿತಿ ಇರುತ್ತದೆ. ಒಬ್ಬರು ಅಕ್ಕಿ ಕೊಡುತ್ತಾರೆ, ಒಬ್ಬರು ತರಕಾರಿ, ಸಂಘದ ಹೆಂಗಸರು ಅಡುಗೆಗೆ ನಿಲ್ಲುತ್ತಾರೆ. ಕುಡಿಯುವವರನ್ನು ಬೈಯುವ ಊರೇ ಅವರಿಗೆ ಬಡಿಸುವುದನ್ನು ನಾನು ಮೊದಲ ಸಲ ಅಲ್ಲಿ ನೋಡಿದೆ. ಮನೆಯವರು ಬರುವ ದಿನ ಎಲ್ಲರಿಗೂ ಹೆಂಡತಿ ಮಕ್ಕಳು ಬಂದರು. ಇವನಿಗೆ ಐದು ಜನ ಹಮಾಲರು ಅರ್ಧ ದಿನದ ಕೂಲಿ ಬಿಟ್ಟು ಹೋಗಿ ಕೂತರು.

ಎಂಟು ದಿನ ಆಯಿತು. ಒಂಬತ್ತನೇ ದಿನ ಎಲ್ಲಿ ಮಲಗಬೇಕು? ಕಷ್ಟ ಇರುವುದು ಇಲ್ಲೇ. ಒಂಟಿ ಗಂಡಸು, ಕುಡಿಯುತ್ತಿದ್ದ ಎಂದರೆ ಯಾರೂ ರೂಮು ಕೊಡಲಿಲ್ಲ. ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದರೆ, ಪಕ್ಕದಲ್ಲಿ ಮಲಗುವವರೇ ಬಾಟಲಿ ಚಾಚುತ್ತಾರೆ. ಊರಿನ ಇನ್ನೊಂದು ಮೂಲೆಯ ಆಶ್ರಯ ಕೇಂದ್ರದಲ್ಲಿ ಜಾಗ ಸಿಕ್ಕಿತು. ಅವನ ಆಧಾರ್ ಕಾರ್ಡು ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋಗಿತ್ತು, ಅದರಲ್ಲಿದ್ದ ವಿಳಾಸವೂ ಈಗ ಅವನದಲ್ಲ. ಕೇಂದ್ರದವರು ಕೊಟ್ಟ ಪತ್ರದಿಂದ ವಿಳಾಸ ಸರಿಯಾಯಿತು, ಬ್ಯಾಂಕ್ ಖಾತೆಯೂ ಆಯಿತು. ಅಡತಿ ಅಂಗಡಿ ಯಜಮಾನರು ದಿನಾ ಸಂಜೆ ಕೈಗೆ ಕೊಡುತ್ತಿದ್ದ ಕೂಲಿಯನ್ನು ವಾರಕ್ಕೊಮ್ಮೆ ಖಾತೆಗೆ ಹಾಕಲು ಒಪ್ಪಿದರು. ಜೇಬಿನಲ್ಲಿ ದುಡ್ಡು, ಗೇಟಿನ ಎದುರು ವೈನ್ ಶಾಪು, ಮೈಯೆಲ್ಲ ನೋವು. ಆ ಹೊತ್ತು ದಾಟಿಸಿದ್ದು ಆ ಯಜಮಾನರು. ಆದರೆ ಆ ಕೇಂದ್ರ ಯಾರ್ಡಿನಿಂದ ಮೂರು ಕಿಲೋಮೀಟರ್ ದೂರ. ದಿನಾ ರಾತ್ರಿ ಎರಡು ಬಾರ್‌ಗಳ ಮುಂದೆ ನಡೆದು ಹೋಗಬೇಕು. ಕೆಲಸದ ಹತ್ತಿರವೇ ಮಲಗಲು ಜಾಗ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಯುಗಾದಿ ಕರಿ ದಿನ ಅವನು ಮತ್ತೆ ಕುಡಿದ. ಐದು ತಿಂಗಳು ಬಿಟ್ಟವನು. ನಾಚಿಕೆಯಿಂದ ಕೆಲಸಕ್ಕೂ ಬರಲಿಲ್ಲ, ಕೇಂದ್ರಕ್ಕೂ ಹೋಗಲಿಲ್ಲ. ಪುಸ್ತಕದಲ್ಲಿ ಎರಡು ಹೊತ್ತು ಗೀಟು ಇಲ್ಲ. ಈ ಸಲ ನಾನು ಪುಟ ತಿರುಗಿಸಲಿಲ್ಲ. ಹಮಾಲರಿಗೆ ಹೇಳಿದೆ, ಅವರು ಬಸ್ ಸ್ಟ್ಯಾಂಡಿನಿಂದ ಕರೆತಂದರು. ಯಾರೂ ಬೈಯಲಿಲ್ಲ. ಒಬ್ಬರು ಆಸ್ಪತ್ರೆಗೆ ಕರೆದುಕೊಂಡು ಹೋದರು, ಇನ್ನೊಬ್ಬರು, ಶಿಬಿರದಲ್ಲಿ ಕುಡಿತ ಬಿಟ್ಟವರೆಲ್ಲ ಸೇರುವ ವಾರದ ನವಜೀವನ ಸಮಿತಿ ಸಭೆಗೆ ಜೊತೆಗೆ ಹೋಗಿ ಕೂತರು. ಎರಡು ವರ್ಷ ಆಯಿತು, ಆಮೇಲೆ ಮುಟ್ಟಿಲ್ಲ. ಈಗ ಇಬ್ಬರ ಜೊತೆ ಸೇರಿ ಒಂದು ರೂಮು ಹಿಡಿದಿದ್ದಾನೆ. ನನ್ನ 1,140 ರೂಪಾಯಿಯನ್ನು ನೂರು ನೂರು ಕೊಟ್ಟು ತೀರಿಸಿದ. ದಸರಾ ರಜಕ್ಕೆ ಮಗಳು ಬಂದಿದ್ದಳು.

ಹಿರಿಯರ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ನನಗೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಹಾಗಾದರೆ ಬೀದಿ ದೀಪ ಕೇಳೋಣ, ರಾತ್ರಿ ಕಾವಲುಗಾರ ಬೇಕು ಎನ್ನೋಣ, ಹೆಂಗಸರಿಗೆ ಬೇರೆ ಕೋಣೆ ಕೇಳೋಣ, ಉಸ್ತುವಾರಿಗೆ ನಮ್ಮ ಬೀದಿಯವರನ್ನೂ ಸೇರಿಸಿ ಎನ್ನೋಣ. ಆ ಅರ್ಜಿಗೆ ನಾನೇ ಮೊದಲ ಸಹಿ ಹಾಕುತ್ತೇನೆ. ಮತ್ತೆ ಅಲ್ಲಿಗೆ ಬರುವವರೆಲ್ಲ ಕುಡುಕರೂ ಅಲ್ಲ. ಮಕ್ಕಳು ಬಿಟ್ಟ ಮುದುಕರು, ಗಂಡ ಹೊರಹಾಕಿದ ಹೆಂಗಸರು, ಕೂಲಿಗೆ ಬಂದು ರಾತ್ರಿ ತಂಗಲು ಜಾಗವಿಲ್ಲದವರೂ ಇರುತ್ತಾರೆ. ಮಗಳು ಓದಿ ಹೇಳಿದಳು: 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಿಗೆ ಲಕ್ಷ ಜನಕ್ಕೆ ಒಂದರಂತೆ ಆಶ್ರಯ ಕೇಂದ್ರ ಇರಬೇಕು ಎಂದಿತು. ಆಮೇಲೆ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಮಿಷನ್ ಕೂಡ ಅದೇ ಲೆಕ್ಕ ಇಟ್ಟುಕೊಂಡಿತು. 2011ರ ಜನಗಣತಿಯಲ್ಲೇ ನಮ್ಮ ನಗರದಲ್ಲಿ 4.3 ಲಕ್ಷ ಜನ. ಪ್ರತಿ ಬೀದಿಯವರೂ ನಮ್ಮಲ್ಲಿ ಬೇಡ ಎಂದರೆ ನಾಲ್ಕು ಕೇಂದ್ರ ಎಲ್ಲಿ ಕಟ್ಟಬೇಕು?

ಇನ್ನೊಂದು ಮಾತು. ಹಿರಿಯರು ಹಾಳೆ ತಂದಾಗ ಅವನು ಮೂಲೆಯ ಟೇಬಲಿನಲ್ಲಿ ಉಣ್ಣುತ್ತಿದ್ದ. ಎಲ್ಲಾ ಕೇಳಿಸಿಕೊಂಡ. ಅರ್ಧಕ್ಕೇ ಎದ್ದು ಕೈ ತೊಳೆದು ಹೋದ. ರಾತ್ರಿ ಊಟಕ್ಕೆ ಬರಲಿಲ್ಲ. ಒಂಬತ್ತು ಗಂಟೆಗೆ ನಾನೂ ಆ ಹಿರಿಯ ಹಮಾಲರೂ ರೂಮಿಗೆ ಹೋದೆವು. ದೀಪ ಹಾಕದೆ ಕೂತಿದ್ದ. ಕುಡಿದಿರಲಿಲ್ಲ. "ಏಳಪ್ಪ, ರೊಟ್ಟಿ ಆರ್ತವೆ" ಎಂದೆ. ಸುಮ್ನೆ ಎದ್ದು ಬಂದು ಉಂಡ.

ಇಂತಿ,
ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು
ದಾವಣಗೆರೆ