ಮೊದಲು ಕೈ ನೋಡು, ಆಮೇಲೆ ಬೆಲೆ ಕೇಳು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಹೇಳಿದೆಯಲ್ಲ, "ಆ ಕರಕುಶಲ ಮೇಳಗಳಲ್ಲಿ ಎಲ್ಲಕ್ಕೂ ಡಬಲ್ ರೇಟು ಕಣೋ. ಅದೇ ಗೊಂಬೆ, ಅದೇ ಬುಟ್ಟಿ ಮೊಬೈಲಿನಲ್ಲಿ ಅರ್ಧಕ್ಕೆ ಸಿಗುತ್ತೆ" ಅಂತ. ಅಷ್ಟರಲ್ಲಿ ಅಮ್ಮ ಕರೆದರು ಅಂತ ನೀನು ಫೋನ್ ಇಟ್ಟೆ. ಮಾತು ನನ್ನ ತಲೆಯಲ್ಲೇ ಉಳಿದಿತ್ತು. ಶುಕ್ರವಾರ ಆಫೀಸಿಗೆ ರಜೆ ಹಾಕಿ, ನಮ್ಮ ಮೈಸೂರಿನ ಹೆಬ್ಬಾಳದ ರಿಂಗ್ ರೋಡಿನಲ್ಲಿ ಕರಕುಶಲ ಮೇಳ ನಡೆಯುವ ಜೆಎಸ್‌ಎಸ್ ಅರ್ಬನ್ ಹಾಟ್‌ನಲ್ಲಿ ಇಡೀ ದಿನ ಕಳೆದು ಬಂದೆ. ಉತ್ತರ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಆರಾಮಾಗಿ ಓದು.

ಶುಕ್ರವಾರವೇ ಯಾಕೆ ಅಂದರೆ, ವಾರದ ದಿನ ಬೆಳಿಗ್ಗೆ ಮೇಳದಲ್ಲಿ ಜನ ಇರುವುದಿಲ್ಲ. ಸಂಜೆಯಾದರೆ, ಅದರಲ್ಲೂ ಭಾನುವಾರ ಸಂಜೆ, ಮಳಿಗೆಯವರಿಗೆ ಬೆಲೆ ಹೇಳುವುದು, ಚಿಲ್ಲರೆ ಎಣಿಸುವುದು, ಇಷ್ಟರಲ್ಲೇ ಹೊತ್ತು ಹೋಗುತ್ತೆ. ಬೆಳಿಗ್ಗೆ ಹೋದರೆ ಅವರು ಕೆಲಸ ಮಾಡುತ್ತಾ ಕೂತಿರುತ್ತಾರೆ, ಮಾತಿಗೂ ಸಿಗುತ್ತಾರೆ. ಹತ್ತೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು, ನಿಜ. ಆದರೆ ಮಳಿಗೆಗಳ ಒಳಗೆ ನೆರಳಿದೆ, ಕೂತರೆ ಎದ್ದೇಳು ಅನ್ನುವವರಿಲ್ಲ.

ನಾನು ಮೊದಲು ಕೂತಿದ್ದು ಚನ್ನಪಟ್ಟಣದವರ ಮಳಿಗೆಯ ಮುಂದೆ. ಒಬ್ಬ ಹಿರಿಯರು ಸಣ್ಣ ಲೇತ್ ಮೆಷಿನ್ ಇಟ್ಟುಕೊಂಡು ಬುಗುರಿ ಮಾಡುತ್ತಿದ್ದರು. ನಿಂತಿದ್ದ ನನಗೆ ಒಂದು ಸ್ಟೂಲ್ ಸರಿಸಿದರು. ಮರ ಆಲೆ ಮರದ್ದು. ಬಿಳಿ ಮರ, ಮೆತ್ತಗೆ, ಮೈ ನುಣುಪು. ಕಡಿದ ಕೂಡಲೇ ಕೆಲಸಕ್ಕೆ ಬರುವುದಿಲ್ಲವಂತೆ. ತಿಂಗಳುಗಟ್ಟಲೆ ಒಣಗಬೇಕು. ಹಸಿಯಲ್ಲೇ ಕೆತ್ತಿದರೆ ಆಮೇಲೆ ಸೀಳು ಬಿಡುತ್ತೆ. ಒಣಗಿದ ಒಂದು ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿ ಹಿಡಿದರು. ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಅವರ ತೊಡೆ ಮೇಲೆ ಬೀಳುತ್ತಾ ಹೋಯಿತು. ಬುಗುರಿಯ ಹೊಟ್ಟೆ ಬಂತು, ಕತ್ತು ಬಂತು. ಅಳತೆಗೆ ಅಂತ ಏನೂ ಇಲ್ಲ. ನಡುನಡುವೆ ಮೆಷಿನ್ ನಿಲ್ಲಿಸಿ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು, ಅಷ್ಟೇ.

ಆಮೇಲೆ ಬಣ್ಣ. ಇದನ್ನು ನೀನು ನೋಡಲೇಬೇಕು. ಅರಗಿಗೆ ಬಣ್ಣ ಬೆರೆಸಿ, ಬಿಸಿ ಮಾಡಿ ನಾದಿ, ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ. ಮರ ಗಿರ‍್ರನೆ ತಿರುಗುವಾಗ ಆ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಕುಂಚ ಇಲ್ಲ, ಬಣ್ಣದ ಡಬ್ಬಿ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಮೊದಲು ಅಲ್ಲಲ್ಲಿ ಮಂಕು ಗೀರುಗಳ ಥರ ಹಳದಿ ಕಾಣಿಸಿತು. ಆಮೇಲೆ ತಾಳೆ ಗರಿಯ ತುಂಡೊಂದನ್ನು ಮಡಚಿ ಒತ್ತಿದರು ನೋಡು, ಬಣ್ಣ ಒಂದೇ ಸಮನಾಗಿ ಹರಡಿ ಫಳಫಳ ಹೊಳೆಯತೊಡಗಿತು. ಬುಗುರಿ ಕೈಗೆ ಕೊಟ್ಟಾಗ ಇನ್ನೂ ಬೆಚ್ಚಗಿತ್ತು. ನಾನು ತುಂಬಾ ಹೊತ್ತು ಅದನ್ನು ಕೆಳಗಿಡಲೇ ಇಲ್ಲ.

ಆ ಬುಗುರಿಗೆ 80 ರೂಪಾಯಿ. ಒಣಗಿಸಿದ ಮರ, ಅರಗು, ಕರೆಂಟು, ಚನ್ನಪಟ್ಟಣದಿಂದ ಇಲ್ಲಿಗೆ ಬಂದ ಖರ್ಚು, ಇಷ್ಟು ವರ್ಷ ಪಳಗಿದ ಕೈ, ಎಲ್ಲಾ ಸೇರಿ 80 ರೂಪಾಯಿ. ಈಗ ಹೇಳು, ಡಬಲ್ ರೇಟು ಅನ್ನಿಸುತ್ತಾ?

ಮೊಬೈಲಿನಲ್ಲಿ ಅರ್ಧಕ್ಕೆ ಬರುವ ಗೊಂಬೆ ಇದೇ ಗೊಂಬೆ ಅಂತ ಯಾರು ಹೇಳಿದರು ನಿನಗೆ? ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ, ಅಂದರೆ ಇದು ಆ ಊರಿನದೇ ಅನ್ನುವ ಕಾನೂನಿನ ಗುರುತು ಇದೆ, ಆದರೂ ಆ ಹೆಸರು ಹೇಳಿಕೊಂಡು ಬೇರೆ ಏನೇನೋ ಮಾರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅರಗಿನ ಬಣ್ಣದಲ್ಲಿ ಕುಂಚ ಎಳೆದ ಗೆರೆ ಕಾಣುವುದಿಲ್ಲ. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಕಡೆ ಸುತ್ತಲೂ ನೇರವಾಗಿರುತ್ತೆ. ಮೂಗಿನ ಹತ್ತಿರ ಹಿಡಿದರೆ ಪೇಂಟಿನ ವಾಸನೆ ಇರುವುದಿಲ್ಲ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಹೀಗೆ ಗಿಡಮೂಲದ ಬಣ್ಣ ಹಾಕುವವರು ಈಗಲೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ನಿನ್ನ ಮಗಳು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನವಳು ಅಲ್ವಾ? ಕೇಳುವುದು ಒಳ್ಳೆಯದು.

ಇನ್ನೊಂದು ವಿಷಯ. ನಾವು ಕಾಲೇಜಿನಲ್ಲಿದ್ದಾಗ ಬೆಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಚನ್ನಪಟ್ಟಣದ ಅಂಗಡಿಗಳ ಮುಂದೆ ನಿಂತ ಮರದ ಕುದುರೆಗಳು ಕಾಣುತ್ತಿದ್ದವು. 2023ರಲ್ಲಿ ಹೊಸ ಹೆದ್ದಾರಿ ಆಯಿತು, ಅದು ಊರಿನ ಹೊರಗಿನಿಂದಲೇ ಹಾಯುತ್ತೆ. ಕಾರುಗಳೆಲ್ಲ ಆ ಕಡೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ದಾರಿಯಲ್ಲಿ ಇಳಿದು ಕೊಳ್ಳುತ್ತಿದ್ದ ಗಿರಾಕಿ ಕಮ್ಮಿಯಾಗಿಬಿಟ್ಟರು. ನೀನೂ ಆ ಹೆದ್ದಾರಿಯಲ್ಲೇ ಬರುತ್ತೀಯ, ನಾನೂ ಅದರಲ್ಲೇ ಓಡಾಡುತ್ತೇನೆ. ಬೇಗ ಮನೆ ಸೇರುವುದು ಎಲ್ಲರಿಗೂ ಬೇಕು. ಹಾಗಾಗಿ ಅವರೇ ಇಲ್ಲಿಗೆ ಬಂದು ಮಳಿಗೆ ಹಾಕಿದಾಗ ನಾವು ಹೋಗಬೇಕು ಅನ್ನುವುದು ನನ್ನ ಹಟ.

ಅಲ್ಲಿಂದ ಮಡಕೆಯವರ ಹತ್ತಿರ ಹೋದೆ. ಬೇಸಿಗೆ ಮೇಳದಲ್ಲಿ ನಾನು ಖಂಡಿತ ಬಿಡದ ಮಳಿಗೆ ಇದು. ಈಗ ಮಡಕೆಯ ಹೊರಗೆ ಹೂವು-ಬಳ್ಳಿ ಪೇಂಟ್ ಮಾಡಿ, ಮೇಲೆ ವಾರ್ನಿಷ್ ಹಚ್ಚಿ ಇಡುತ್ತಾರೆ. ನೋಡಲು ಚೆಂದ, ಆದರೆ ಕುಡಿಯುವ ನೀರಿಗೆ ಅದನ್ನು ತರಬೇಡ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ನೀರು ಅದರಲ್ಲಿ ಜಿನುಗಿ ಹೊರಮೈಗೆ ಬಂದು ಆರುತ್ತೆ. ಆರುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತೆ. ಪೇಂಟು ಬಳಿದರೆ ಆ ತೂತುಗಳೇ ಮುಚ್ಚಿಹೋದವು, ಇನ್ನು ತಣ್ಣಗಾಗುವುದು ಹೇಗೆ? ನಮ್ಮ ಮೈಸೂರಿನ ಬೇಸಿಗೆಯಲ್ಲಿ ಗಾಳಿ ಒಣಗಿರುತ್ತೆ, ಅದಕ್ಕೇ ಮಡಕೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಮಂಗಳೂರಿನ ಕಡೆ ಗಾಳಿಯಲ್ಲೇ ತೇವ ಜಾಸ್ತಿ, ಅಲ್ಲಿ ಅದೇ ಮಡಕೆ ಇಷ್ಟು ತಣಿಸುವುದಿಲ್ಲ. ಮಡಕೆ ಮಾರುತ್ತಿದ್ದ ಅಕ್ಕ ಒಂದೊಂದನ್ನೇ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ಮೊದ್ದು ಸದ್ದು ಬಂದರೆ ಪಕ್ಕಕ್ಕಿಡು. ತೊಳೆಯುವಾಗ ಸೋಪು ಮುಟ್ಟಿಸಬೇಡಿ, ತೆಂಗಿನ ನಾರಿನಿಂದ ಉಜ್ಜಿ ಸಾಕು ಅಂದರು. ಸೋಪನ್ನು ಮಣ್ಣು ಕುಡಿದುಬಿಡುತ್ತೆ. ನಾನು ನಲ್ಲಿ ಇಲ್ಲದ, ಬಣ್ಣ ಇಲ್ಲದ ಒಂದು ಹೂಜಿ ತೆಗೆದಿಟ್ಟುಕೊಂಡೆ.

ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಲೋಟ ಮಜ್ಜಿಗೆ. ಊಟದ ಬಗ್ಗೆ ಇಷ್ಟು ಸಾಕು.

ಬಟ್ಟೆ ಸಾಲಿನಲ್ಲಿ ನನಗೆ ಬೇಜಾರಾದ ಸಂಗತಿಯೊಂದಿತ್ತು. ಹೊರಗೆ ಕೈಮಗ್ಗ ಅಂತ ಬೋರ್ಡು, ಒಳಗೆ ಪವರ್‌ಲೂಮ್ ಟವಲ್ಲುಗಳ ರಾಶಿ. ಎಲ್ಲಿ ನೇಯ್ದಿದ್ದು ಅಂತ ಕೇಳಿದರೆ ಸರಿಯಾದ ಉತ್ತರವಿಲ್ಲ. ಕೆಲವು ಬಟ್ಟೆ ಕೈಮಗ್ಗಕ್ಕೇ ಮೀಸಲು ಅಂತ 1985ರಲ್ಲೇ ಕಾಯ್ದೆ ಬಂದಿದೆ. ಮೊದಲು ಪಟ್ಟಿಯಲ್ಲಿ 22 ಬಗೆ ಇತ್ತು, ಈಗ 11ಕ್ಕೆ ಇಳಿದಿದೆ. ಸೀರೆ, ಪಂಚೆ, ಟವಲ್, ಲುಂಗಿ, ಜಮಖಾನಗಳಲ್ಲಿ ಇಂತಿಂಥ ಥರದವು ಅಂತ ಅದರಲ್ಲಿ ಹೇಳಿದೆ. ಆದರೆ ಮೇಳದಲ್ಲಿ ನಿಂತ ಗಿರಾಕಿಗೆ ಕಾಯ್ದೆ ಎಲ್ಲಿ ನೆನಪಿರುತ್ತೆ? ನಮ್ಮ ಕಣ್ಣೇ ಕೆಲಸ ಮಾಡಬೇಕು. ಬಟ್ಟೆಯ ಎರಡೂ ಅಂಚು ನೋಡು. ನೇಯುವಾಗ ಬಟ್ಟೆ ಒಳಕ್ಕೆ ಸೆಳೆಯದಿರಲಿ ಅಂತ ಅಗಲಕ್ಕೊಂದು ಕಡ್ಡಿ ಕೊಟ್ಟು ಹಿಡಿದಿರುತ್ತಾರೆ. ಅದರ ತುದಿಯ ಮುಳ್ಳುಗಳು ಅಂಚಿನಲ್ಲಿ ಚಿಕ್ಕ ಚಿಕ್ಕ ತೂತು ಬಿಟ್ಟಿರುತ್ತವೆ. ಬೆಳಕಿಗೆ ಹಿಡಿದರೆ ನೇಯ್ಗೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಒಂಚೂರು ಸಡಿಲವಾಗಿ ಕಾಣುತ್ತೆ. ಇದೊಂದರಿಂದಲೇ ತೀರ್ಮಾನ ಬೇಡ, ಕೈಮಗ್ಗದ ಬಟ್ಟೆಗೆ ಸರ್ಕಾರ ಕೊಡುವ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯಾ ಅಂತಲೂ ಕೇಳು. ನಿಜವಾಗಿ ನೇಯುವವರಾದರೆ ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಪಡುತ್ತಾರೆ.

ಹಾಗೆ ಖುಷಿಪಟ್ಟವರು ಇಳಕಲ್ ಸೀರೆಯವರು. ಸೀರೆಯ ಒಡಲಿಗೆ ಬೇರೆ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು), ಸೆರಗಿಗೆ ಬೇರೆ ಹಾಸು. ಎರಡೂ ಕೂಡುವ ಕಡೆ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೀರೆಯ ಅಗಲದುದ್ದಕ್ಕೂ ಎಷ್ಟು ಎಳೆ ಇರಬಹುದು ಯೋಚನೆ ಮಾಡು! ಆ ಅಮ್ಮ ಸೀರೆ ಬಿಡಿಸಿ, ಕೂಡುವ ಜಾಗದ ಮೇಲೆ ನನ್ನ ಬೆರಳಿಟ್ಟು ಎಳೆಸಿದರು. ತೆಳ್ಳಗೆ ಒಂದು ಏಣು ಸಿಕ್ಕಿತು. ಇಷ್ಟು ದಿನ ಅಕ್ಕಂದಿರ ಮೈಮೇಲೆ ನೋಡಿದ ಸೀರೆಯಲ್ಲಿ ಇಂಥದ್ದೊಂದು ಇದೆ ಅಂತ ಕಣ್ಣಿಗೆ ಬಿದ್ದೇ ಇರಲಿಲ್ಲ. ಪಕ್ಕದಲ್ಲೇ ಧಾರವಾಡದ ಕಡೆಯ ಕಸೂತಿ. ಗವಂತಿ, ಮುರ್ಗಿ ಹೊಲಿಗೆಗಳನ್ನು ತಿರುಗಿಸಿ ನೋಡಿದರೆ ಹಿಂದೆಯೂ ಮುಂದೆಯೂ ಒಂದೇ ಥರ, ಗಂಟೇ ಇಲ್ಲ. ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ ಎಲ್ಲವನ್ನೂ ಎಳೆ ಎಣಿಸಿಯೇ ಹೊಲಿಯುತ್ತಾರೆ.

ನಮ್ಮ ಊರಿನದೇ ಕೆಲಸ ಕೊನೆಯ ಸಾಲಿನಲ್ಲಿತ್ತು. ಬೀಟೆ ಮರದಲ್ಲಿ ಚೂರುಗಳನ್ನು ಕೂರಿಸಿ ಚಿತ್ರ ಮಾಡುವ ಇನ್‌ಲೇ. ಇದು ಮಂಡಿ ಮೊಹಲ್ಲಾದ ಓಣಿಗಳಲ್ಲಿ ಆಗುವ ಕೆಲಸ ಅಂತ ನಿನಗೂ ಗೊತ್ತು. ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು ನೋಡಿದ್ದೆವಲ್ಲ, ಅದೇ ಕಲೆ. ದಂತದ ವ್ಯಾಪಾರ ನಿಷೇಧವಾದ ಮೇಲೆ ಬೇರೆ ಬೇರೆ ಮರಗಳ ಚೂರುಗಳೇ ಹೆಚ್ಚು. ಚಿತ್ರದಲ್ಲಿ ಕಾಣುವ ಹಳದಿ, ಕೆಂಪು, ಬೂದು ಯಾವುದೂ ಹಚ್ಚಿದ ಬಣ್ಣವಲ್ಲ. ಹಳದಿ ಬೇಕೆಂದರೆ ಹಲಸು ಹುಡುಕಬೇಕು. ಹುಡುಗನೊಬ್ಬ ಸಣ್ಣ ಗರಗಸದಲ್ಲಿ ಆನೆಯ ಕಿವಿಯೊಂದನ್ನೇ ಕೊಯ್ಯುತ್ತಿದ್ದ, ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಮಾತಾಡಿಸಲು ಮನಸ್ಸಾಗಲಿಲ್ಲ. ಗಂಜೀಫಾ ಎಲೆಗಳನ್ನೂ ನೋಡಿದೆ, ಕೈಯಲ್ಲಿ ಚಿತ್ರ ಬರೆದ ಹಳೇ ಕಾಲದ ಇಸ್ಪೀಟು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟದ ಹುಚ್ಚು ಬಹಳ ಇತ್ತು, ತಾವೇ ಹೊಸ ಆಟಗಳನ್ನು ಕಟ್ಟಿದ್ದರು. ಈಗ ಆಡುವವರಿಗಿಂತ ಗೋಡೆಗೆ ಹಾಕುವವರೇ ಜಾಸ್ತಿ. ನನಗೆ ಆಡಿ ನೋಡುವ ಆಸೆ, ಕಲಿಸುವವರು ಸಿಗಬೇಕು.

ಚೌಕಾಸಿ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಮಾಡಿದವರೇ ಎದುರಿಗೆ ಕೂತಿದ್ದರೆ ನಾನು ಚೌಕಾಸಿ ಮಾಡುವುದಿಲ್ಲ. ದುಬಾರಿ ಅನ್ನಿಸಿದರೆ ಸುಮ್ನೆ ನೋಡಿ, ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ. ಮಾಲಿನಲ್ಲಿ ಚೀಟಿ ಅಂಟಿಸಿದ ಶರ್ಟಿಗೆ ನಾವು ಯಾರೂ ಐವತ್ತು ರೂಪಾಯಿ ಕಮ್ಮಿ ಮಾಡಿ ಅನ್ನುವುದಿಲ್ಲ, ಬಿದಿರು ಸೀಳಿ ಸೀಳಿ ಬೆರಳು ಬಿರಿದವರ ಹತ್ತಿರ ಅನ್ನುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ. ಮಧ್ಯವರ್ತಿ ಮಳಿಗೆಗಳ ಲೆಕ್ಕ ಬೇರೆ. ಅಲ್ಲಿ ನಿನ್ನಿಷ್ಟ. ಯಾರು ಮಾಡಿದವರು, ಯಾರು ಮಾರುವವರು ಅಂತ ಪತ್ತೆ ಮಾಡಲು ಒಂದೇ ಪ್ರಶ್ನೆ ಸಾಕು: "ಇದನ್ನ ಹೇಗೆ ಮಾಡ್ತೀರಿ?" ಮಾಡಿದವರ ಕೈ ತಾನಾಗಿಯೇ ಆಡತೊಡಗುತ್ತೆ. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸುತ್ತಾ ಊರೂರು ಸುತ್ತಿ ಇಂಥ ಕೈಗಳನ್ನು ಹುಡುಕಿದರು. ಆ ಕೈಗಳು ಇಲ್ಲೇ ರಿಂಗ್ ರೋಡಿಗೆ ಬಂದು ಕೂತಿವೆ. ನಾವು ಬಸ್ಸು ಹತ್ತಿದರೆ ಸಾಕು.

ಮುಂದಿನ ವಾರ ಮಗಳನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದೀಯ. ಅರಮನೆ, ಝೂ ಎರಡನ್ನೂ ಒಂದು ದಿನಕ್ಕೆ ಹಾಕು, ಇನ್ನೊಂದು ದಿನ ಪೂರ್ತಿ ಮೇಳಕ್ಕೆ ಬಿಡು. ಬಟ್ಟೆ ಚೀಲ ತಾ, ಚಿಲ್ಲರೆ ನೋಟು ಇಟ್ಟುಕೋ, ಎಲ್ಲಾ ಕಡೆ ಮೊಬೈಲ್ ಪೇಮೆಂಟ್ ನಡೆಯುತ್ತೆ ಆದರೆ ನೆಟ್‌ವರ್ಕ್ ಕೈಕೊಡಬಹುದು. ಮಗುವಿಗೆ ಟೋಪಿ ಮರೆಯಬೇಡ. ಮೂರು ಗಂಟೆ ಮೇಲೆ ಮೋಡ ಕವಿದು ಗುಡುಗು ಮಳೆ ಬರುವ ಕಾಲ ಇದು, ಹಾಗಾಗಿ ಬೆಳಿಗ್ಗೆಯೇ ಹೊರಡೋಣ.

ಅಮ್ಮನಿಗೊಂದು ವಿಷಯ ಹೇಳು. ಮೇಳದಲ್ಲಿ ಮೇದರ ಮಳಿಗೆಯವರು ಸಿಕ್ಕಿದ್ದರು. ಗೌರಿ ಹಬ್ಬದ ಬಾಗಿನಕ್ಕೆ ಮೊರ ಈಗಿಂದಲೇ ಹೇಳಿಟ್ಟರೆ ಒತ್ತಾಗಿ, ಗಟ್ಟಿಯಾಗಿ ಹೆಣೆದು ಕೊಡುತ್ತಾರಂತೆ. ಹಬ್ಬದ ಹಿಂದಿನ ವಾರ ಹೋದರೆ ಅವರಿಗೆ ಬಿಡುವಿರುವುದಿಲ್ಲ. ನಮ್ಮ ಮನೆಗೆ ನಾನು ಆಗಲೇ ಹೇಳಿದೆ. ಅಮ್ಮನಿಗೆ ಎಷ್ಟು ಜೊತೆ ಬೇಕು, ಅರಿಶಿನ ಬಳಿದಿದ್ದೋ ಹಾಗೇ ಇರುವುದೋ ಕೇಳಿ ಭಾನುವಾರದೊಳಗೆ ತಿಳಿಸು. ಸೋಮವಾರ ಆ ಕಡೆ ಹೋಗುವವನಿದ್ದೇನೆ, ಅಡ್ವಾನ್ಸ್ ಕೊಟ್ಟು ಬರುತ್ತೇನೆ.

ನಿನ್ನ ಗೆಳೆಯ,
ಮೈಸೂರಿನಿಂದ