ಸ್ಕ್ರೂಗಳ ಜೊತೆಗೆ ಐ.ಸಿ.ಯ ಬೆಸುಗೆಗೂ ಅಂಕವಿರಲಿ

ಮಾನ್ಯ ಸಂಪಾದಕರೇ,

ಮೊಬೈಲ್ ಮತ್ತಿತರ ಎಲೆಕ್ಟ್ರಾನಿಕ್ ಸಾಧನಗಳಿಗೆ ‘ದುರಸ್ತಿ ಸೂಚ್ಯಂಕ’ ನಿಗದಿಪಡಿಸುವ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿದೆ. ಸಾಧನವನ್ನು ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗಗಳು ಎಷ್ಟು ಬೇಗ ಸಿಗುತ್ತವೆ, ಯಾವ ಬಗೆಯ ಸ್ಕ್ರೂಗಳಿವೆ ಎಂಬುದನ್ನೆಲ್ಲ ಅಳೆದು, ಸಾಧನ ಕೊಳ್ಳುವವರಿಗೆ ಮೊದಲೇ ತಿಳಿಸುವ ಈ ಯೋಚನೆ ಸ್ವಾಗತಾರ್ಹವಾದುದು. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೀರಿ ಸಾಧನಗಳೊಳಗಿನ ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡಿಕೊಂಡಿರುವ ನನ್ನಂಥವನಿಗೆ ನಿಜವಾದ ತೊಡಕು ಎದುರಾಗುವುದು ಸ್ಕ್ರೂ ಬಿಚ್ಚಿದ ಮೇಲೆ. ಅದು ಐ.ಸಿ.ಯ (ಚಿಪ್‌ನ) ಪ್ಯಾಕೇಜಿಂಗ್, ಅಂದರೆ ಸಿಲಿಕಾನ್ ತುಣುಕಿಗೆ ಹೊದಿಕೆ ಹಾಕಿ ಅದನ್ನು ಬೋರ್ಡಿಗೆ ಕೂಡಿಸುವ ಬಗೆ.

ನಾನು ಕೆಲಸ ಕಲಿತಾಗ ಕೈಗೆ ಬರುತ್ತಿದ್ದ ಹಳೆಯ ಟಿ.ವಿ.ಗಳ ಐ.ಸಿ. ಎರಡೂ ಬದಿಗೆ ಕಾಲು ಚಾಚಿದ ಜರಿಹುಳುವಿನಂತೆ ಇರುತ್ತಿತ್ತು. ಕಾಲಿನಿಂದ ಕಾಲಿಗೆ 2.54 ಮಿಲಿಮೀಟರ್ ಅಂತರ. ಸಾಕೆಟ್‌ನಲ್ಲಿ ಕೂತಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ ಹೊಸದನ್ನು ಒತ್ತಿದರೆ ಮುಗಿಯಿತು. ಇಂದಿನ ಫೋನುಗಳ ಬಿ.ಜಿ.ಎ. (ಬಾಲ್ ಗ್ರಿಡ್ ಅರೇ) ಬಗೆಯ ಐ.ಸಿ.ಗೆ ಕಾಲುಗಳೇ ಇಲ್ಲ. ಹೊಟ್ಟೆಯ ಕೆಳಗೆ 0.4 ಮಿಲಿಮೀಟರ್‌ನಷ್ಟು ಹತ್ತಿರ ಹತ್ತಿರವಾಗಿ ಬೆಸುಗೆಯ ಗುಂಡುಗಳಿರುತ್ತವೆ. ಎಷ್ಟೋ ಫೋನುಗಳಲ್ಲಿ ಪ್ರೊಸೆಸರ್‌ನ ನೆತ್ತಿಯ ಮೇಲೆ ಮೆಮೊರಿಯನ್ನೂ ಮಹಡಿ ಕಟ್ಟಿದಂತೆ ಕೂರಿಸಿರುತ್ತಾರೆ. ಇದನ್ನು ನಾನು ದೂರುತ್ತಿಲ್ಲ. ಫೋನು ಇಷ್ಟು ತೆಳ್ಳಗೆ, ಇಷ್ಟು ಚುರುಕಾಗಿ ಇರುವುದಕ್ಕೆ ಈ ಜೋಡಣೆಯೇ ಒಂದು ದೊಡ್ಡ ಕಾರಣ.

ದೂರು ಇರುವುದು ಬೇರೆ ಕಡೆ. ಬಿಸಿಯಾದಾಗ ಬೋರ್ಡು ಸಿಲಿಕಾನ್‌ಗಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ಸಾಧನ ಬಿಸಿಯಾಗಿ ತಣಿದಾಗಲೆಲ್ಲ ಈ ಎರಡರ ನಡುವಿನ ಬೆಸುಗೆ ಎಳೆದಾಟಕ್ಕೆ ಸಿಕ್ಕಿ, ಕೆಲವು ವರ್ಷಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ನಾವು ‘ಡ್ರೈ ಸೋಲ್ಡರ್’ ಎನ್ನುವ ದೋಷಗಳಲ್ಲಿ ಇದೂ ಒಂದು. ಒಳಗಿನ ಸಿಲಿಕಾನ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಸತ್ತಿರುವುದು ಕೀಲು ಮಾತ್ರ. ಐ.ಸಿ. ಎಬ್ಬಿಸಿ, ಹೊಸ ಗುಂಡು ಕೂರಿಸಿ ರೀಬಾಲಿಂಗ್ ಮಾಡಿದರೆ ಸಾಧನ ಮತ್ತೆ ಏಳುತ್ತದೆ. ಆದರೆ ಎಬ್ಬಿಸುವುದೇ ಈಗ ಕಷ್ಟ. ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿತ್ತು. 2006ರಲ್ಲಿ ಐರೋಪ್ಯ ಒಕ್ಕೂಟವು ಸೀಸವನ್ನು ನಿರ್ಬಂಧಿಸಿದ ಮೇಲೆ ಎಲ್ಲೆಡೆ ಹಬ್ಬಿದ ಸೀಸರಹಿತ ಬೆಸುಗೆಗೆ 217 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ದಿನವಿಡೀ ಬೆಸುಗೆಯನ್ನು ಕೈಯಲ್ಲಿ ಹಿಡಿಯುವ ನನಗೆ ಸೀಸ ಹೋದದ್ದು ಸಂತೋಷವೇ. ಆ ಹೆಚ್ಚಿನ ಬಿಸಿಯನ್ನು ಹೇಗೋ ಸಂಭಾಳಿಸಬಹುದು. ಸಂಭಾಳಿಸಲಾಗದ್ದು, ಫೋನು ಕೆಳಗೆ ಬಿದ್ದರೂ ಬೆಸುಗೆ ಬಿಡಬಾರದೆಂದು ಐ.ಸಿ.ಯ ಅಡಿಗೆ ತುಂಬುವ ಎಪಾಕ್ಸಿ ಅಂಟನ್ನು. ಅದು ಗಟ್ಟಿಯಾದರೆ ಐ.ಸಿ.ಯ ಜೊತೆಗೆ ಬೋರ್ಡಿನ ತಾಮ್ರದ ಪ್ಯಾಡುಗಳೂ ಕಿತ್ತು ಬರುತ್ತವೆ. ಬಿಸಿಗೆ ಮೆತ್ತಗಾಗಿ ಬಿಟ್ಟುಕೊಡುವ ಅಂಟೂ ಇದೆ, ಅದನ್ನು ಹಾಕಬೇಕೆಂದು ಕೇಳುವವರಿಲ್ಲ.

ಈಚೆಗೆ ಕಾಲೇಜು ವಿದ್ಯಾರ್ಥಿನಿಯೊಬ್ಬರು ಆನ್ ಆಗದ ಲ್ಯಾಪ್‌ಟಾಪ್ ತಂದಿದ್ದರು. ಸರ್ವಿಸ್ ಸೆಂಟರ್‌ನಲ್ಲಿ ಬೋರ್ಡನ್ನೇ ಬದಲಿಸಬೇಕೆಂದು ಹೊಸ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಹೆಚ್ಚು ಬೆಲೆ ಹೇಳಿದ್ದರಂತೆ, ಸ್ಟೋರೇಜ್ ಐ.ಸಿ.ಯೂ ಅದೇ ಬೋರ್ಡಿಗೆ ಬೆಸೆದುಕೊಂಡಿದ್ದರಿಂದ ಅವರ ಪ್ರಾಜೆಕ್ಟ್ ವರದಿಯೂ ಹಳೆಯ ಬೋರ್ಡಿನ ಜೊತೆಗೇ ಹೋಗುತ್ತಿತ್ತು. ಎರಡು ದಿನ ಹೆಣಗಾಡಿ ಆ ವರದಿಯನ್ನು ಉಳಿಸಿಕೊಟ್ಟೆ. ಸ್ಟೋರೇಜ್ ಸ್ಲಾಟಿನಲ್ಲಿದ್ದಿದ್ದರೆ ಅದು ಐದು ನಿಮಿಷದ ಕೆಲಸ.

ಆದ್ದರಿಂದ ಸೂಚ್ಯಂಕವನ್ನು ಜಾರಿಗೆ ತರುವಾಗ ಸ್ಟೋರೇಜ್ ಬೋರ್ಡಿಗೆ ಬೆಸೆದಿದೆಯೋ ಸ್ಲಾಟಿನಲ್ಲಿದೆಯೋ, ಐ.ಸಿ.ಯ ಅಡಿಯ ಅಂಟು ಬಿಡಿಸಲು ಬರುವಂಥದ್ದೋ ಅಲ್ಲವೋ, ಬೋರ್ಡಿನ ಸರ್ಕ್ಯೂಟ್ ನಕ್ಷೆ ಹೊರಗಿನ ದುರಸ್ತಿಗಾರರಿಗೆ ಸಿಗುತ್ತದೆಯೋ ಇಲ್ಲವೋ ಎಂಬ ಮೂರಕ್ಕೂ ಪ್ರತ್ಯೇಕ ಅಂಕ ಇಡಬೇಕೆಂದು ಇಲಾಖೆಯನ್ನು ಕೋರುತ್ತೇನೆ. ಇಡೀ ಬೋರ್ಡನ್ನೇ ಬದಲಿಸುವುದನ್ನು ‘ದುರಸ್ತಿ’ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಇತಿ,
ಒಬ್ಬ ಬೋರ್ಡ್ ದುರಸ್ತಿಗಾರ,
ನಗರ್ತಪೇಟೆ, ಬೆಂಗಳೂರು