ಸುಮ್ಮನಿರಲು ಕಲಿಸಿದವರಿಗೆ

ಮೊನ್ನೆ ಭಾನುವಾರಕ್ಕೆ ನಾನು ಸಹಾಯವಾಣಿಯ ಫೋನ್ ಹಿಡಿದು 5 ವರ್ಷ ತುಂಬಿತು. ವಾರಕ್ಕೊಂದು ಪಾಳಿ, ಸಂಬಳವಿಲ್ಲ. ಮನಸ್ಸು ತೀರಾ ಭಾರವಾದವರು ಫೋನ್ ಮಾಡುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. ಅಷ್ಟೇ ಕೆಲಸ. ಆ 'ಅಷ್ಟೇ'ಯನ್ನು ಕಲಿಯಲು ನಾನು ಎಷ್ಟು ಒದ್ದಾಡಿದೆ ಅಂತ ಜೊತೆಗಿದ್ದವರಿಗೆ ಗೊತ್ತು.

ತರಬೇತಿಯ ಮೊದಲ ದಿನ ಒಬ್ಬರು ಫೋನ್ ಮಾಡಿದವರಂತೆ ನಟಿಸಬೇಕಿತ್ತು. ನನ್ನ ಎದುರು ಕೂತವರು "ಕೆಲಸ ಹೋಯ್ತು, ಮನೇಲಿ ಹೇಳಿಲ್ಲ" ಅಂದರು. ಎರಡೇ ನಿಮಿಷದಲ್ಲಿ ನಾನು ಬೆಳಗಿನ ವಾಕಿಂಗು, ಪ್ರಾಣಾಯಾಮ, ಭಾವನ ಆಫೀಸಿನಲ್ಲಿ ಒಂದು ಕೆಲಸ, ಮೂರನ್ನೂ ಕೊಟ್ಟು ಮುಗಿಸಿದ್ದೆ! ತರಬೇತಿ ಕೊಡುತ್ತಿದ್ದ ಮೇಡಂ ನಗಲಿಲ್ಲ. "ಮನೇಲಿ ಹೇಳಿಲ್ಲ ಅಂದ್ರಲ್ಲ, ಅದು ನಿಮಗೆ ಕೇಳಿಸ್ತಾ?" ಅಂದರು. ಆ ಪ್ರಶ್ನೆಗೆ ಥ್ಯಾಂಕ್ಸ್ ಮೇಡಂ.

ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರ ಕಥೆ ಹೇಳಿದ್ದೂ ಅವರೇ. 1953ರಲ್ಲಿ, ಸಾಯಬೇಕು ಅನ್ನಿಸಿದವರಿಗಾಗಿ ವಾರಾ ತಮ್ಮ ಚರ್ಚಿನಲ್ಲಿ ಒಂದು ಫೋನ್ ಇಟ್ಟರು. ಜನ ನೇರವಾಗಿಯೂ ಬರತೊಡಗಿದರು. ಕಾಯುವವರಿಗೆ ಟೀ ಕೊಟ್ಟು ಜೊತೆಗಿರಲು ಕೆಲವು ಸ್ವಯಂಸೇವಕರಿದ್ದರು. ಎಷ್ಟೋ ಜನ ಅವರ ಹತ್ತಿರವೇ ಎಲ್ಲ ಹೇಳಿಕೊಂಡು, ಪಾದ್ರಿಯನ್ನು ನೋಡದೇ ಎದ್ದು ಹೋಗುತ್ತಿದ್ದರಂತೆ. ಮರುವರ್ಷ ವಾರಾ ಆ ಕೆಲಸವನ್ನೇ ಅವರ ಕೈಗೆ ಒಪ್ಪಿಸಿದರು. 'ಸಮಾರಿಟನ್ಸ್' ಅನ್ನುವ ಅವರ ಸಹಾಯವಾಣಿ ಬೆಳೆದದ್ದು ಹಾಗೆ. ನನಗೇನು ಗೊತ್ತು ಅಂತ ಹೇಳಲಿ ಅನ್ನುವ ಅಳುಕು ನನಗೆ ಅವತ್ತೇ ಹೋಯಿತು. ಟೀ ಕೊಡೋದು ನನಗೂ ಬರುತ್ತಲ್ವಾ!

ಪಾಳಿಯ ಜೊತೆಗಾರ ಅಣ್ಣನಿಗೂ ಋಣಿ. ನಾನು ಬುದ್ಧಿ ಹೇಳಲು ಬಾಯಿ ತೆರೆದರೆ ಸಾಕು, ಮೇಜಿನ ಮೇಲಿನ ನೀರಿನ ಲೋಟವನ್ನು ನನ್ನ ಕಡೆ ತಳ್ಳುತ್ತಿದ್ದರು. ಮೊದಲ ವರ್ಷ ನಾನು ಕುಡಿದಷ್ಟು ನೀರು ಯಾರೂ ಕುಡಿದಿರಲಾರರು.

ಕೇಳಿಸಿಕೊಂಡರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ಪ್ರಾಣಕ್ಕೆ ಅಪಾಯ ಅನ್ನಿಸಿದಾಗ ಡಾಕ್ಟರು ಬೇಕೇ ಬೇಕು. 2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಬರೆದಿಟ್ಟುಕೊಳ್ಳಿ.

ಫೋನ್ ಮಾಡಿದವರೇ, ನಿಮ್ಮ ಒಂದು ಮಾತನ್ನೂ ನಾನಿಲ್ಲಿ ಬರೆಯುವಂತಿಲ್ಲ. ಹೆಸರೂ ಗೊತ್ತಿಲ್ಲದ ನನ್ನನ್ನು ನಂಬಿದಿರಿ.

ಇನ್ನು ಅಮ್ಮ. ಮಂಡಿ ನೋವು, ನಿದ್ದೆ ಬರಲ್ಲ ಅಂದಾಗಲೆಲ್ಲ "ಡಾಕ್ಟರ ಹತ್ರ ಹೋಗೋಣ ಬಾ" ಅಂತ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಒಂದು ರಾತ್ರಿ ಪಾಳಿ ಮುಗಿಸಿ ಬಂದು ಸುಮ್ನೆ ಪಕ್ಕದಲ್ಲಿ ಕೂತೆ. "ಆಮೇಲೆ?" ಬಿಟ್ಟರೆ ಬೇರೇನೂ ಅನ್ನಲಿಲ್ಲ. ಮಂಡಿಯಿಂದ ಶುರುವಾದ ಮಾತು ನಾವು ಮಾರಿದ ಊರಿನ ಮನೆಗೆ ಹೋಯಿತು. ಅಲ್ಲಿಂದ ಹಿತ್ತಲಿನ ಕರಿಬೇವಿನ ಗಿಡಕ್ಕೆ. ಮನೆ ಮಾರಿ 11 ವರ್ಷವಾಗಿತ್ತು, ಒಮ್ಮೆಯೂ ಅದರ ಮಾತು ಎತ್ತಿರಲಿಲ್ಲ. ಗಂಟೆ ಹನ್ನೆರಡು ದಾಟಿದ ಮೇಲೆ ಎದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಇವತ್ತೇನೋ, ಡಾಕ್ಟರ ಹೆಸರೇ ಎತ್ತಲಿಲ್ಲ?"